ಮಾಡು ಹಳೆಯದಿರಲಿ, ಬಚ್ಚಲು ಹೊಸದಾಗಲಿ

ನಮ್ಮದು ಮೂಡಿಗೆರೆ ಕಡೆಯ ಹಳೇ ತೊಟ್ಟಿ ಮನೆ. ಮಣ್ಣಿನ ಗೋಡೆ, ಮಂಗಳೂರು ಹೆಂಚಿನ ಮಾಡು (ಚಾವಣಿ), ನಡುವೆ ಅಂಗಳ. ರಿಪೇರಿ ಆದ ಮೇಲೆ ನೋಡಲು ಬಂದವರೆಲ್ಲ ಕೇಳುವುದು ಒಂದೇ ಮಾತು: ಯಾವುದನ್ನು ಉಳಿಸಬೇಕು, ಯಾವುದನ್ನು ಹೊಸದು ಮಾಡಿಸಬೇಕು? ಚಂದ ನೋಡಿ ತೀರ್ಮಾನ ಮಾಡಬೇಡಿ, ಕೆಲಸ ನೋಡಿ ಮಾಡಿ. ಮಳೆ ತಡೆಯುವುದು, ಗಾಳಿ ಆಡಿಸುವುದು ಹಳೇ ಮನೆಗೆ ಚೆನ್ನಾಗಿ ಗೊತ್ತು. ನಲ್ಲಿ ನೀರು, ಕರೆಂಟು ಅದಕ್ಕೆ ಗೊತ್ತಿಲ್ಲ. ಹಾಗಾಗಿ ಮಾಡು, ಗೋಡೆ, ಅಂಗಳ ಹಳೇ ರೀತಿಯಲ್ಲೇ ಇರಲಿ. ಬಚ್ಚಲು, ಅಡುಗೆಮನೆ, ವೈರಿಂಗ್ ಪೂರ್ತಿ ಹೊಸದಾಗಲಿ.

ಕೆಲಸ ಯಾವಾಗ ಶುರು ಮಾಡುತ್ತೀರಿ ಅನ್ನುವುದು ನಮ್ಮ ಕಡೆ ತುಂಬಾ ಮುಖ್ಯ. ಕಾಫಿ ಕುಯ್ಲು ಮುಗಿಯುವವರೆಗೆ ಆಳು ಸಿಗುವುದಿಲ್ಲ. ರೊಬಸ್ಟಾ ಇರುವವರಿಗೆ ಫೆಬ್ರವರಿ ಕಳೆದೇಹೋಗುತ್ತದೆ. ಜೂನ್‌ಗೆ ಮಳೆ ಹಿಡಿಯುತ್ತದೆ. ನಡುವೆ ಸಿಗುವ ಮೂರು ತಿಂಗಳಲ್ಲೂ ಕಾಫಿ ಹೂ ಅರಳಿಸುವ ಹೂಮಳೆ ಬರುತ್ತದೆ. ಕಾಫಿಗೆ ಅದು ಬೇಕೇ ಬೇಕು, ಆದರೆ ಮಾಡು ಬಿಚ್ಚಿಟ್ಟ ಮಣ್ಣಿನ ಗೋಡೆಗೆ ಅದೇ ಶತ್ರು. ಆದ್ದರಿಂದ ಇಡೀ ಮಾಡು ಒಟ್ಟಿಗೆ ಬಿಚ್ಚಿಸಬೇಡಿ. ಒಂದು ಪಕ್ಕ ಮುಗಿದ ಮೇಲೆ ಇನ್ನೊಂದು. ಟಾರ್ಪಾಲು ಮೊದಲೇ ತಂದಿಟ್ಟಿರಿ.

ಹೆಂಚು ಇಳಿಸುವಾಗ ಒಂದೊಂದನ್ನೂ ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಠಣ್ ಅಂದರೆ ಗಟ್ಟಿ. ಸತ್ತ ಸದ್ದು ಬಂದರೆ ಒಳಗೆ ಬಿರುಕಿದೆ, ಪಕ್ಕಕ್ಕಿಡಿ. ಆಮೇಲೆ ಮಗುಚಿ, ಯಾವ ಕಾರ್ಖಾನೆಯದು ಅಂತ ಒತ್ತಿರುವ ಅಚ್ಚು ಓದಿ. ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಮಿಷನರಿ ಸಂಸ್ಥೆಯವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು. ಆಮೇಲೆ ಬೇರೆ ಬೇರೆ ಕಾರ್ಖಾನೆಗಳು ಬಂದವು, ಒಬ್ಬೊಬ್ಬರ ಹೆಂಚಿನ ಅಳತೆ ಒಂದೊಂದು ಥರ. ಒಂದು ಕಾರ್ಖಾನೆಯ ಹೆಂಚು ಇನ್ನೊಂದರ ಜೊತೆ ಸರಿಯಾಗಿ ಕೂರುವುದಿಲ್ಲ. ಸೋರುವುದು ಅಲ್ಲೇ. ಅಚ್ಚು ನೋಡಿ ಬೇರೆ ಮಾಡಿ, ಹಳೇ ಹೆಂಚನ್ನೆಲ್ಲ ಮುಂಭಾಗದ ಮಾಡಿಗೆ ಹಾಕಿಸಿ, ಹೊಸದನ್ನು ಹಿಂಭಾಗಕ್ಕೆ. ಮುಂದಿನಿಂದ ಮನೆಯ ಮುಖ ಬದಲಾಗುವುದಿಲ್ಲ. ಕತ್ತಲ ಕೋಣೆಗೆ ಒಂದೆರಡು ಗಾಜಿನ ಹೆಂಚು ಸಾಕು. ಮಂಚದ ಮೇಲೆ ಮಾತ್ರ ಬೇಡ, ಬೆಳಗ್ಗೆ ಬಿಸಿಲು ನೇರ ಕಣ್ಣಿಗೇ ಬೀಳುತ್ತದೆ.

ಪಕಾಸಿ (ಮಾಡಿನ ಇಳಿಜಾರಿನ ಮರ), ತೊಲೆ, ಕಂಬಗಳನ್ನು ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ಸಲೀಸಾಗಿ ಒಳಗೆ ಹೋದರೆ ಗೆದ್ದಲು ತಿಂದಿದೆ. ಗಟ್ಟಿ ಇರುವುದನ್ನು ಸುಮ್ನೆ ಬದಲಿಸಬೇಡಿ, ಅಷ್ಟು ಬಲಿತ ಹಲಸು, ಹೊನ್ನೆ ಈಗ ಸಿಗುವುದು ಕಷ್ಟ. ಹೆಂಚು ಕೂರುವ ಅಡ್ಡಪಟ್ಟಿ, ಅಂದರೆ ರೀಪು, ಹಾಳಾಗಿದ್ದರೆ ಅದರ ಬದಲು ಕಬ್ಬಿಣದ ಚೌಕ ಪೈಪ್ ಹಾಕಿಸಬಹುದು, ಕೆಳಗಿನಿಂದ ಅಷ್ಟಾಗಿ ಕಾಣುವುದಿಲ್ಲ. ಇನ್ನೊಂದು ವಿಷಯ. ಸೌದೆ ಒಲೆ ತೆಗೆದು ಗ್ಯಾಸ್ ಇಟ್ಟ ಮೇಲೆ ಅಡುಗೆಮನೆಯ ಮರಕ್ಕೆ ಹೊಗೆ ತಾಗುವುದು ನಿಲ್ಲುತ್ತದೆ. ಅಷ್ಟು ವರ್ಷ ಹುಳ ಬೀಳದ ಹಾಗೆ ಕಾಯ್ದದ್ದು ಆ ಹೊಗೆ. ಹಾಗಾಗಿ ಅಲ್ಲಿಯ ಮರಕ್ಕೆ ಗೇರೆಣ್ಣೆ (ಗೋಡಂಬಿ ಸಿಪ್ಪೆಯ ಎಣ್ಣೆ) ಬಳಿಸಿ. ಬಳಿಯುವವರು ಕೈಗವಸು ಹಾಕಲೇಬೇಕು, ಚರ್ಮ ಸುಡುತ್ತದೆ.

ನೆಲದ ವಿಷಯದಲ್ಲಿ ನಮ್ಮ ಮೇಸ್ತ್ರಿ, "ಅಕ್ಕಾ, ಹಳೇ ನೆಲದ ಮೇಲೇ ಟೈಲ್ಸ್ ಕೂರಿಸಿಬಿಡಣ" ಅಂದರು. ಸುಲಭ ಹೌದು, ಆದರೆ ಕಂಬದ ಬುಡ ನೋಡಿ. ಮರದ ಕಂಬ ಕಲ್ಲಿನ ಮೇಲೆ ನಿಂತಿರುವುದು ತೇವ ತಾಗಬಾರದು ಅಂತ. ನೆಲ ಎತ್ತರಿಸಿದರೆ ಕಲ್ಲು ಸಿಮೆಂಟಿನಲ್ಲಿ ಮುಳುಗಿ, ಮರದ ಬುಡ ಕೊಳೆಯಲು ಶುರುವಾಗುತ್ತದೆ. ಬಾಗಿಲುಗಳೂ ಗಿಡ್ಡವಾಗುತ್ತವೆ. ಹಳೇ ನೆಲ ಅಗೆದು, ಅದೇ ಮಟ್ಟಕ್ಕೆ ಹೊಸದು ಹಾಕಿಸಿ. ಪಡಸಾಲೆಗೆ, ಜಗಲಿಗೆ ರೆಡ್ ಆಕ್ಸೈಡ್ ನೆಲಕ್ಕಿಂತ ಒಳ್ಳೆಯದು ನನಗೆ ಕಾಣಲಿಲ್ಲ. ಹೊಳೆಯುವ ಟೈಲ್ಸ್ ಮಳೆಗಾಲದಲ್ಲಿ ಬೆವರಿ ಜಾರುತ್ತದೆ, ನಮ್ಮತ್ತೆಯಂಥ ವಯಸ್ಸಾದವರು ಇರುವ ಮನೆಗೆ ಬೇಡವೇ ಬೇಡ. ಕೆಂಪು ನೆಲ ಹಾಕಿಸುವಾಗ ಒಂದು ಕೋಣೆಯನ್ನು ಒಂದೇ ದಿನ ಮುಗಿಸಬೇಕು. ನಾಳೆಗೆ ಉಳಿಸಿದರೆ ಗೆರೆ ಕಾಣುತ್ತದೆ. ಒಂದು ವಾರವಾದರೂ ತೇವ ಆರದ ಹಾಗೆ ನೋಡಿಕೊಳ್ಳಿ.

ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾವು ಮಾಡಿಸಬೇಡಿ. ಗೋಡೆ ನೆಲದಿಂದ ಎಳೆದ ತೇವ ಹೊರಗೆ ಹೋಗಲು ಆಗದೆ ಒಳಗೇ ನಿಂತು, ಕೊನೆಗೆ ಸಿಮೆಂಟು ಹಪ್ಪಳದ ಹಾಗೆ ಎದ್ದು ಬರುತ್ತದೆ. ಸುಣ್ಣ, ಮರಳಿನ ಗಾರೆಯೇ ಸರಿ. ವೈರಿಂಗ್‌ಗೆ ಗೋಡೆ ಕೊರೆಯುವುದೂ ಬೇಡ. ಪೈಪನ್ನು ತೊಲೆಯ ಪಕ್ಕದಲ್ಲಿ ಹಾಯಿಸಿ, ಸ್ವಿಚ್ ಇರುವಲ್ಲಿ ಮಾತ್ರ ಕೆಳಗೆ ಇಳಿಸಿ. ತೇವದ ಊರು ನಮ್ಮದು, ಒಳ್ಳೆ ಅರ್ತಿಂಗ್ ಮತ್ತು 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇಲ್ಲದೆ ಗೀಸರ್ ಹಾಕಿಸಲೇಬೇಡಿ.

ಬಚ್ಚಲು, ಕಕ್ಕಸು ಹಳೇ ಮನೆಯ ಒಳಗೆ ತುರುಕುವ ಬದಲು ಹಿಂದೆ ಬೇರೆ ಪಾಯ ಹಾಕಿ ಇಟ್ಟಿಗೆಯಲ್ಲಿ ಕಟ್ಟಿಸಿ. ನಡುವೆ ಹೆಂಚು ಹೊದಿಸಿದ ಸಣ್ಣ ಓಣಿ ಇದ್ದರೆ ಮಳೆಯಲ್ಲಿ ನೆನೆಯದೆ ಹೋಗಬಹುದು. ಹೀಗೆ ಮಾಡಿದರೆ ನೀರಿನ ಪೈಪ್ ಒಂದೂ ಮಣ್ಣಿನ ಗೋಡೆಯೊಳಗೆ ಹಾಯುವುದಿಲ್ಲ. ಸೋಲಾರ್ ಹಾಕಿಸಿ, ಆದರೆ ಹಂಡೆ ಒಲೆ ತೆಗೆಸಬೇಡಿ. ಜುಲೈನಲ್ಲಿ ಬಿಸಿಲು ಎಲ್ಲಿರುತ್ತೆ, ಅಲ್ವಾ?

ಅಂಗಳಕ್ಕೆ ಪಾರದರ್ಶಕ ಶೀಟ್ ಹೊದಿಸುವವರು ಜಾಸ್ತಿ. ಹೊದಿಸುವುದಾದರೆ ಹೆಂಚಿಗಿಂತ ಒಂದೂವರೆ ಅಡಿಯಾದರೂ ಮೇಲೆ ಚೌಕಟ್ಟು ನಿಲ್ಲಿಸಿ, ಬಿಸಿ ಗಾಳಿ ಹೊರಗೆ ಹೋಗಲಿ. ಬೇಲೂರಿನ ಕಂಬದ ಮಾದರಿ ಅಂತ ಫೈಬರ್ ಕಂಬ ಮಾರುತ್ತಾರೆ, ತರಬೇಡಿ. ಬೇಲೂರಿನ ಕಂಬಗಳು ಬಳಪದ ಕಲ್ಲಿನವು, ದೇವಸ್ಥಾನದ ಭಾರ ಹೊತ್ತು ನಿಂತವು. ನಮ್ಮ ಮನೆಗೆ ನಮ್ಮ ಮರದ ಕಂಬವೇ ಸಾಕು.

ಬಣ್ಣ ಕೊನೆಗೆ, ಅದೂ ಅದೇ ವರ್ಷದ ಮಳೆಗಾಲ ಕಳೆದ ಮೇಲೆ. ಮೊದಲ ಮಳೆಗಾಲದಲ್ಲಿ ಎಲ್ಲಿ ಸೋರಿತು ಅನ್ನುವುದನ್ನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿಡಿ. ದೀಪಾವಳಿ ಹೊತ್ತಿಗೆ ಅಲ್ಲಿಯ ಹೆಂಚು ಸರಿ ಮಾಡಿಸಿ, ಆಮೇಲೆ ಸುಣ್ಣ ಹೊಡೆಸಿ.