ಇಳಿಯುವಾಗ ವಿಮಾನದ ಬಾಲ ನೆಲಕ್ಕೆ ತಾಗಿದರೆ: ತಪ್ಪಿಸುವುದು ಹೇಗೆ, ಸರಿಪಡಿಸುವುದು ಹೇಗೆ?

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಹತ್ತಿರ ಡಿಆರ್‌ಡಿಒ ರನ್‌ವೇ ಇದೆ. 2024ರ ಜೂನ್‌ನಲ್ಲಿ ಇಸ್ರೋದ ಪುಷ್ಪಕ್ ಎಂಬ ರೆಕ್ಕೆಯುಳ್ಳ ಮರುಬಳಕೆಯ ಬಾಹ್ಯಾಕಾಶ ವಾಹನ ಅಲ್ಲಿ ಗಂಟೆಗೆ 320 ಕಿ.ಮೀ.ಗೂ ಜಾಸ್ತಿ ವೇಗದಲ್ಲಿ ಇಳಿಯಿತು. ಪ್ರಯಾಣಿಕರ ವಿಮಾನ ಇಳಿಯುವುದು ಸುಮಾರು 260ರಲ್ಲಿ. ಇನ್ನೂ ನಿಧಾನ ಇಳಿದರೆ ಒಳ್ಳೆಯದಲ್ವಾ ಅನಿಸಬಹುದು. ಅಲ್ಲ. ಬಾಲ ತಾಗುವುದಕ್ಕೆ ದೊಡ್ಡ ಕಾರಣವೇ ವೇಗ ತೀರಾ ಕುಸಿಯುವುದು.

ಹಾಗಾಗಿ ಮೊದಲ ಹೆಜ್ಜೆ ವೇಗ ಕಾಯುವುದು. ವೇಗ ಕಡಿಮೆಯಾದಷ್ಟೂ ವಿಮಾನ ತೇಲಲು ಮೂತಿ ಜಾಸ್ತಿ ಎತ್ತಬೇಕು. ಮೂತಿ ಎತ್ತಿದಷ್ಟೂ ಬಾಲ ಕೆಳಗಿಳಿಯುತ್ತದೆ. ಏರ್‌ಬಸ್ ಎ321ರಂಥ ಉದ್ದದ ವಿಮಾನದಲ್ಲಿ 10 ಡಿಗ್ರಿ ಆಸುಪಾಸು ಎತ್ತಿದರೇ ಅಪಾಯ.

ಎರಡನೆಯದು, ಮೆತ್ತಗೆ ಇಳಿಸುವ ಆಸೆಗೆ ರನ್‌ವೇ ಮೇಲೆ ಸುಮ್ನೆ ತೇಲಿಸುತ್ತಾ ಹೋಗಬಾರದು. ಸ್ವಲ್ಪ ಗಟ್ಟಿಯಾಗಿ ಊರಿದರೂ ಪರವಾಗಿಲ್ಲ. ಪ್ರಯಾಣಿಕರಾದ ನಾವೂ ಆ ಕುಲುಕಾಟಕ್ಕೆ ಪೈಲಟ್‌ರನ್ನು ಬೈಯಬಾರದು.

ಮೂರನೆಯದು, ಚಕ್ರ ಪುಟಿದರೆ ಗಾಬರಿಯಲ್ಲಿ ಮೂತಿ ಎಳೆಯಬಾರದು. ಸಣ್ಣ ಪುಟಿತವಾದರೆ ಮೂತಿ ಇದ್ದಂತೆಯೇ ಹಿಡಿದು ಇಳಿಯಲು ಬಿಡಬೇಕು. ಜೋರಾಗಿ ಪುಟಿದರೆ ಎಂಜಿನ್‌ಗೆ ಪೂರ್ತಿ ಬಲ ಕೊಟ್ಟು ಮತ್ತೆ ಮೇಲೇರಬೇಕು.

ಇಷ್ಟಾದರೂ ತಾಗಿತು ಅಂದುಕೊಳ್ಳಿ. ತಕ್ಷಣ ಕಂಟ್ರೋಲ್ ಟವರ್‌ಗೆ ಹೇಳಬೇಕು, ರನ್‌ವೇ ಮೇಲೆ ಚೂರುಗಳು ಬಿದ್ದಿರಬಹುದು. ಪರಿಶೀಲನೆ ಮುಗಿಯುವವರೆಗೆ ವಿಮಾನ ಹಾರಬಾರದು. ಎಂಜಿನಿಯರ್‌ಗಳು ಹೊರಗಿನ ಗೀರು, ತಗಡಿನ ಸುಕ್ಕು ನೋಡಿ ಸುಮ್ಮನಾಗುವುದಿಲ್ಲ. ಒಳಗಿನ ಚೌಕಟ್ಟು, ತಗಡುಗಳನ್ನು ಜೋಡಿಸುವ ಮೊಳೆಗಳಾದ ರಿವೆಟ್‌ಗಳನ್ನೂ ನೋಡುತ್ತಾರೆ. ಬಾಲದ ಹತ್ತಿರ ಬೋಗುಣಿಯಂಥ ಒಂದು ಗೋಡೆ ಇರುತ್ತದೆ, ಕ್ಯಾಬಿನ್‌ನ ಗಾಳಿಯ ಒತ್ತಡವನ್ನು ತಡೆಯುವುದು ಅದೇ. ಅದನ್ನು ತಪ್ಪದೆ ನೋಡಬೇಕು.

ಏಕೆಂದರೆ 1978ರಲ್ಲಿ ಜಪಾನ್‌ನ ಒಸಾಕಾದಲ್ಲಿ ಇಳಿಯುವಾಗ ಬೋಯಿಂಗ್ 747 ಒಂದರ ಬಾಲ ಉಜ್ಜಿತು, ಈ ಗೋಡೆಗೇ ಪೆಟ್ಟಾಯಿತು. ರಿಪೇರಿ ಮಾಡಿದವರು ಒಂದೇ ಜೋಡಣೆ ತಗಡು ಹಾಕಬೇಕಿದ್ದ ಕಡೆ ಅದನ್ನು ಎರಡಾಗಿ ಕತ್ತರಿಸಿ ಹಾಕಿದರು. ಎರಡು ಸಾಲು ರಿವೆಟ್ ಹೊರಬೇಕಾದ ಭಾರ ಒಂದೇ ಸಾಲಿನ ಮೇಲೆ ಬಿತ್ತು. ಪ್ರತಿ ಹಾರಾಟದಲ್ಲೂ ಬಿರುಕು ಚೂರುಚೂರೇ ಬೆಳೆಯಿತು. 1985ರ ಆಗಸ್ಟ್ 12ರಂದು ಗೋಡೆ ಒಡೆಯಿತು. ಗಾಳಿಯ ರಭಸಕ್ಕೆ ಬಾಲದ ರೆಕ್ಕೆ ಕಿತ್ತುಹೋಯಿತು, ಎಣ್ಣೆಯ ಒತ್ತಡದಿಂದ ವಿಮಾನವನ್ನು ನಿಯಂತ್ರಿಸುವ ಹೈಡ್ರಾಲಿಕ್ ವ್ಯವಸ್ಥೆಯೂ ನಾಶವಾಯಿತು. 520 ಜನ ಸತ್ತರು, ಬದುಕಿದ್ದು 4 ಜನ.

ಚೈನಾ ಏರ್‌ಲೈನ್ಸ್‌ನ 747 ಒಂದಕ್ಕೆ 1980ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಹೀಗೇ ಆಗಿತ್ತು. ಗೀರು ಬಿದ್ದ ತಗಡನ್ನು ತೆಗೆಯದೆ ಅದರ ಮೇಲೇ ತೇಪೆ ಹಾಕಿದರು. ಅಡಿಯಲ್ಲಿ ಬೆಳೆದ ಬಿರುಕು ಹೊರಗಿನಿಂದ ಕಾಣಲೇ ಇಲ್ಲ. 22 ವರ್ಷದ ನಂತರ ವಿಮಾನ ಆಕಾಶದಲ್ಲೇ ಮುರಿದು 225 ಜನ ಹೋದರು.

ವಿಮಾನ ನಿರ್ವಹಣೆ ಕಲಿಯಬೇಕೆನ್ನುವ ದಾವಣಗೆರೆ, ದುರ್ಗದ ಹುಡುಗ ಹುಡುಗಿಯರು ಈ ಎರಡು ಪ್ರಕರಣಗಳನ್ನು ಮೊದಲು ಓದಿ. ಕಣ್ಣಿಗೆ ಕಾಣದ ಬಿರುಕನ್ನು ಎಡ್ಡಿ ಕರೆಂಟ್ (ಲೋಹದಲ್ಲಿ ಹುಟ್ಟಿಸುವ ಸುಳಿ ವಿದ್ಯುತ್), ಅಲ್ಟ್ರಾಸೌಂಡ್ ಉಪಕರಣದಿಂದ ಹುಡುಕುತ್ತಾರೆ. ಗೀರು ಮಿತಿಗಿಂತ ಆಳವಿದ್ದರೆ ಆ ತಗಡನ್ನೇ ಕತ್ತರಿಸಿ ತೆಗೆಯಬೇಕು. ತೇಪೆಯ ಅಳತೆ, ರಿವೆಟ್ ಸಾಲು ಎಲ್ಲವನ್ನೂ ವಿಮಾನದ ದಾಖಲೆಯಲ್ಲಿ ಬರೆಯಬೇಕು. ಮುಂದಿನ ದೊಡ್ಡ ತಪಾಸಣೆಗಳಲ್ಲಿ ಆ ಜಾಗವನ್ನು ಒಳಗಿನಿಂದಲೂ ನೋಡಬೇಕು.