‘ಏಂಜೆಲ್’ ಎಂಬ ದೂತ, ‘ಇವಾಂಜೆಲಿಕಲ್’ ಎಂಬ ಗೊಂದಲ: ಅರ್ಥ ಹಿಡಿಯುವ ಬಗೆ

ಒಂದು ಬೆಳಿಗ್ಗೆ ಪಕ್ಕದ ಮನೆಯ ಟೀಚರಮ್ಮ ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಹಿಡಿದುಕೊಂಡು ನೇರ ನಮ್ಮ ಅಡುಗೆಮನೆಗೆ ಬಂದರು. ಅಮೆರಿಕದ ಚುನಾವಣೆಯ ಸುದ್ದಿಯಲ್ಲಿ ಒಂದು ಸಾಲಿನ ಕೆಳಗೆ ಪೆನ್ಸಿಲ್ ಗೆರೆ ಎಳೆದಿದ್ದರು. ಆ ಸುದ್ದಿಯನ್ನು ಹಿಂದಿನ ರಾತ್ರಿ ಕನ್ನಡಕ್ಕೆ ತಂದವಳು ನಾನೇ. ಮೂಲದಲ್ಲಿದ್ದ ‘ಇವಾಂಜೆಲಿಕಲ್’ ಮತದಾರರನ್ನು ನಾನು ‘ಮತಾಂತರ ಮಾಡಿಸುವ ಕ್ರೈಸ್ತರು’ ಎಂದು ಬರೆದಿದ್ದೆ. ಅವರು ಗಟ್ಟಿಯಾಗಿ ಏನೂ ಹೇಳಲಿಲ್ಲ. ‘ನಾನು ಓದಿದ್ದು ಬಿ.ಇ.ಎಂ. ಶಾಲೆಯಲ್ಲಿ, ಪಾಠ ಹೇಳಿದ್ದೂ ಅಲ್ಲೇ. ಆ ಬೋರ್ಡಿನ ಇ ಅಕ್ಷರಕ್ಕೂ ಇದೇ ಅರ್ಥವೇನಮ್ಮ?’ ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ.

ಅಂದಿನಿಂದ ಈ ಗುಂಪಿನ ಪದಗಳಿಗೆಂದೇ ಒಂದು ನೋಟ್‌ಪುಸ್ತಕ ಇಟ್ಟುಕೊಂಡಿದ್ದೇನೆ. ಅನುವಾದ ಮಾಡುವವರಿಗೆ, ಇಂಗ್ಲಿಷ್ ಓದುವಾಗ ಈ ಪದಗಳಲ್ಲಿ ಎಡವುವವರಿಗೆ ನೆರವಾಗಲಿ ಎಂದು ಅದರಿಂದ ಆಯ್ದು ಬರೆಯುತ್ತಿದ್ದೇನೆ.

ಮೊದಲು ಬೇರನ್ನು ಹಿಡಿಯಬೇಕು. ಗ್ರೀಕಿನಲ್ಲಿ ‘ಆಂಗೆಲೊಸ್’ ಎಂದರೆ ಸುದ್ದಿ ತರುವವನು, ದೂತ. ರೆಕ್ಕೆಯಾಗಲಿ ಬೆಳ್ಳಗಿನ ನಿಲುವಂಗಿಯಾಗಲಿ ಆ ಪದದೊಳಗೆ ಇಲ್ಲ. ಹೀಬ್ರೂ ಭಾಷೆಯ ‘ಮಲಾಖ್’ ಎಂಬುದಕ್ಕೂ ಅರ್ಥ ಅದೇ. ರಾಜ ಕಳುಹಿಸಿದ ಸಾಮಾನ್ಯ ಮನುಷ್ಯನನ್ನೂ ಬೈಬಲ್ ಅದೇ ಪದದಿಂದ ಕರೆಯುತ್ತದೆ. ಬೈಬಲಿನ ಮೊದಲ ಭಾಗವಾದ ಹಳೆಯ ಒಡಂಬಡಿಕೆಯ ಕೊನೆಯಲ್ಲಿರುವ ಪ್ರವಾದಿ ಮಲಾಕಿಯ ಹೆಸರಿನ ಅರ್ಥ ‘ನನ್ನ ದೂತ’. ನಮ್ಮ ಮುಸ್ಲಿಂ ನೆರೆಹೊರೆಯವರು ಹೇಳುವ ‘ಮಲಕ್’ ಕೂಡ ಇದೇ ಬೇರಿನದು. ಅವರ ಜಿಬ್ರೀಲ್, ಕ್ರೈಸ್ತರ ಗಬ್ರಿಯೇಲ ಒಬ್ಬನೇ. ಹೀಗಾಗಿ ಕನ್ನಡ ಬೈಬಲಿನ ‘ದೇವದೂತ’ ಬಲು ಸರಿಯಾದ ಆಯ್ಕೆ. ರಾಮದೂತ, ಯಮದೂತ, ರಾಜದೂತ ಎಂದು ಬಳಸಿ ಪಳಗಿದ ನಮ್ಮ ಕಿವಿಗೆ ಇನ್ನೊಬ್ಬರ ಮಾತನ್ನು ಹೊತ್ತು ತರುವವನು ಎಂಬ ಅರ್ಥ ತಾನಾಗಿ ತಲುಪುತ್ತದೆ.

ಅದನ್ನು ಬಿಟ್ಟು ‘ದೇವತೆ’ ಎಂದು ಬರೆಯುವುದು ಈಗ ಹೆಚ್ಚಾಗಿದೆ. ಮುದ್ದು ಮಗುವನ್ನು ಏಂಜೆಲ್ ಎಂದಾಗ ‘ಪುಟ್ಟ ದೇವತೆ’ ಎಂದರೆ ತಪ್ಪಿಲ್ಲ. ಕ್ರೈಸ್ತ ಸಂದರ್ಭದಲ್ಲಿ ಮಾತ್ರ ಅದು ಸಲ್ಲದು. ದೇವತೆ ಎಂದರೆ ಪೂಜೆ ಪಡೆಯುವ ಶಕ್ತಿ. ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯಲ್ಲಿ ಯೋಹಾನನು ದೂತನ ಕಾಲಿಗೆ ಬೀಳಲು ಹೋದಾಗ, ಬೇಡ, ನಾನೂ ನಿನ್ನ ಹಾಗೆಯೇ ದಾಸ, ದೇವರಿಗೆ ನಮಸ್ಕರಿಸು ಎಂದು ಅವನು ತಡೆಯುತ್ತಾನೆ. ಅಲ್ಲಿ ‘ದೇವತೆ’ ಎಂದು ಬರೆದರೆ ಆ ಇಡೀ ಪ್ರಸಂಗವೇ ಕುಸಿಯುತ್ತದೆ. ‘ಅಪ್ಸರೆ’, ‘ಕಿನ್ನರಿ’ ಎಂಬವುಗಳ ಗೊಡವೆಗಂತೂ ಹೋಗಬೇಡಿ.

‘ಆರ್ಕ್‌ಏಂಜೆಲ್’ಗೆ ಪ್ರಧಾನ ದೂತ ಎನ್ನಿ. ಬೈಬಲಿನ ಎರಡನೆಯ ಭಾಗವಾದ ಹೊಸ ಒಡಂಬಡಿಕೆಯಲ್ಲಿ ಈ ಪದ ಬರುವುದು ಎರಡೇ ಕಡೆ: ಥೆಸಲೊನೀಕದವರಿಗೆ ಬರೆದ ಮೊದಲ ಪತ್ರದಲ್ಲಿ ಮತ್ತು ಯೂದನ ಪತ್ರದಲ್ಲಿ. ಹೆಸರು ಹಿಡಿದು ಹೇಳಿರುವುದು ಮಿಕಾಯೇಲನೊಬ್ಬನನ್ನೇ. ಗಬ್ರಿಯೇಲನಿಗೆ ಆ ಪದವಿ ಬಂದದ್ದು ಸಭೆಯ, ಅಂದರೆ ಚರ್ಚಿನ, ಪರಂಪರೆಯಿಂದ. ರಫಾಯೇಲನ ಕಥೆಯಿರುವ ತೊಬೀತನ ಗ್ರಂಥ ಕಥೋಲಿಕರ ಬೈಬಲಿನಲ್ಲಿದೆ, ಪ್ರೊಟೆಸ್ಟಂಟರದರಲ್ಲಿ ಇಲ್ಲ. ಈ ಮೂವರ ಹಬ್ಬವನ್ನು ಕಥೋಲಿಕರು ಸೆಪ್ಟೆಂಬರ್ 29ರಂದು ಒಟ್ಟಿಗೆ ಆಚರಿಸುತ್ತಾರೆ. ಕಾವಲು ದೂತರ ಹಬ್ಬ ಅಕ್ಟೋಬರ್ 2ಕ್ಕೆ.

‘ಚೆರಬ್’ ಮತ್ತು ‘ಸೆರಫ್’ ಎಂಬ ರೆಕ್ಕೆಯುಳ್ಳ ಸ್ವರ್ಗಜೀವಿಗಳ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಇಂದಿನ ಇಂಗ್ಲಿಷಿನಲ್ಲಿ ಚೆರಬ್ ಎಂದರೆ ಗುಂಡುಗುಂಡಾದ ಕೆನ್ನೆಯ ಮಗು. ಇಟಲಿಯ ಚಿತ್ರಕಾರರು ಬರೆದ ರೆಕ್ಕೆಯ ಮಕ್ಕಳು ಆ ಅರ್ಥವನ್ನು ಊರೂರಿಗೆ ಹರಡಿದರು. ಬೈಬಲಿನ ಕೆರೂಬಿಯರು ಹಾಗಿಲ್ಲ. ಏದೆನ್ ತೋಟದ ದಾರಿಯನ್ನು ಕಾಯುವವರು ಅವರು, ಅಲ್ಲೇ ಪ್ರಜ್ವಲಿಸುವ ಕತ್ತಿಯೂ ಇದೆ. ಪ್ರವಾದಿ ಯೆಹೆಜ್ಕೇಲನು ಕಂಡ ದರ್ಶನದಲ್ಲಿ ಒಬ್ಬೊಬ್ಬರಿಗೂ ನಾಲ್ಕು ಮುಖ, ನಾಲ್ಕು ರೆಕ್ಕೆ. ಪ್ರವಾದಿ ಯೆಶಾಯನು ಕಂಡ ಸೆರಾಫಿಯರಿಗೆ ಆರು ರೆಕ್ಕೆಗಳು: ಎರಡರಿಂದ ಮುಖ ಮುಚ್ಚಿಕೊಂಡು, ಎರಡರಿಂದ ಕಾಲು ಮುಚ್ಚಿಕೊಂಡು, ಎರಡರಿಂದ ಹಾರುತ್ತಿದ್ದರು. ‘ಸಾರಫ್’ ಎಂಬ ಹೀಬ್ರೂ ಧಾತುವಿನ ಅರ್ಥ ಉರಿಯುವುದು, ಸುಡುವುದು. ಆದ್ದರಿಂದ ಮೊದಲು ಕೇಳಿಕೊಳ್ಳಿ: ಇಲ್ಲಿರುವುದು ಹುಟ್ಟುಹಬ್ಬದ ಕಾರ್ಡಿನ ಮಗುವೋ, ಬೈಬಲಿನ ಕಾವಲುಗಾರನೋ? ಇನ್ನೊಂದು ಎಚ್ಚರಿಕೆ, ‘ಚೆರುಬಿಮ್’, ‘ಸೆರಫಿಮ್’ ಎಂಬವು ಆಗಲೇ ಬಹುವಚನ. ಹೀಬ್ರೂವಿನ ‘ಈಮ್’ ಎಂದರೆ ನಮ್ಮ ‘ಗಳು’. ‘ಚೆರುಬಿಮ್‌ಗಳು’ ಎಂದರೆ ‘ಮರಗಳುಗಳು’ ಎಂದಂತೆ. ಕೆರೂಬಿಯರು, ಸೆರಾಫಿಯರು ಎಂದರೆ ಸಾಕು.

ಈಗ ಟೀಚರಮ್ಮನ ಪ್ರಶ್ನೆಗೆ ಬರುತ್ತೇನೆ. ‘ಇವಾಂಜೆಲ್’ ಎಂಬ ಪದದೊಳಗೆ ಏಂಜೆಲ್ ಅಡಗಿ ಕುಳಿತಿದ್ದಾನೆ. ಗ್ರೀಕಿನ ‘ಯು’ ಎಂದರೆ ಒಳ್ಳೆಯದು. ‘ಯುಆಂಗೆಲಿಯೊನ್’ ಎಂದರೆ ಒಳ್ಳೆಯ ಸುದ್ದಿ. ಇದು ಕ್ರೈಸ್ತರು ಕಟ್ಟಿದ ಪದವೂ ಅಲ್ಲ. ಕ್ರಿಸ್ತಪೂರ್ವ 9ರಲ್ಲಿ ಕೆತ್ತಿದ, ಈಗಿನ ತುರ್ಕಿಯ ಪ್ರಿಯೆನೆಯಲ್ಲಿ ಸಿಕ್ಕ ಶಾಸನವೊಂದು ರೋಮ್ ಚಕ್ರವರ್ತಿ ಆಗಸ್ಟಸ್‌ನ ಜನ್ಮದಿನವನ್ನು ಇದೇ ಪದದಿಂದ ಕೊಂಡಾಡುತ್ತದೆ. ಹಳೆಯ ಇಂಗ್ಲಿಷಿನವರು ಅದನ್ನು ಬಿಡಿಸಿ ‘ಗೋಡ್‌ಸ್ಪೆಲ್’, ಅಂದರೆ ಒಳ್ಳೆಯ ಮಾತು, ಎಂದರು. ಅದೇ ಸವೆದು ‘ಗಾಸ್ಪೆಲ್’ ಆಯಿತು. ನಮ್ಮವರು ‘ಸು’ ಮತ್ತು ‘ವಾರ್ತೆ’ ಸೇರಿಸಿ ‘ಸುವಾರ್ತೆ’ ಎಂದರು. ಗ್ರೀಕಿನ ಎರಡು ತುಂಡಿಗೆ ಕನ್ನಡದ ಎರಡು ತುಂಡು, ಹೆಚ್ಚಿಲ್ಲ, ಕಡಿಮೆಯಿಲ್ಲ. ಇಷ್ಟು ಅಚ್ಚುಕಟ್ಟಾದ ಅನುವಾದ ನಾನು ಕಂಡದ್ದು ಅಪರೂಪ. ಕಥೋಲಿಕರು ‘ಶುಭಸಂದೇಶ’ ಎನ್ನುತ್ತಾರೆ, ಅದೂ ಅಷ್ಟೇ ಸೊಗಸು. ಯಾರ ಬಗ್ಗೆ ಬರೆಯುತ್ತಿದ್ದೇವೋ ಅವರ ಪದವನ್ನು ಬಳಸುವುದು ಮರ್ಯಾದೆ. ಒಬ್ಬನೇ ಶಿಷ್ಯ ಒಂದು ಕಡೆ ಯೋಹಾನ, ಇನ್ನೊಂದು ಕಡೆ ಯೊವಾನ್ನ ಆಗುತ್ತಾನೆ ಎಂಬುದೂ ನೆನಪಿರಲಿ.

‘ಇವಾಂಜೆಲಿಸ್ಟ್’ ಪದಕ್ಕೆ ಒಂದೇ ಕನ್ನಡ ಪದವನ್ನು ಅಂಟಿಸಲು ಹೋಗಬೇಡಿ. ಮತ್ತಾಯ, ಮಾರ್ಕ, ಲೂಕ, ಯೋಹಾನ ಎಂಬ ನಾಲ್ವರ ಮಾತಾದರೆ ಅದು ‘ಸುವಾರ್ತೆ ಬರೆದವರು’. ಬೈಬಲಿನ ‘ಅಪೊಸ್ತಲರ ಕೃತ್ಯಗಳು’ ಪುಸ್ತಕದಲ್ಲಿ ಬರುವ ಫಿಲಿಪ್ಪನಾಗಲಿ, ಸಭೆ ನೇಮಿಸಿ ಊರೂರಿಗೆ ಕಳುಹಿಸುವ ಸೇವಕರಾಗಲಿ ಆದರೆ ‘ಸುವಾರ್ತಿಕ’. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರ ‘ಟೆಕ್ನಾಲಜಿ ಇವಾಂಜೆಲಿಸ್ಟ್’ ಆದರೆ ಧರ್ಮಕ್ಕೂ ಅವರಿಗೂ ಸಂಬಂಧವಿಲ್ಲ, ‘ತಂತ್ರಜ್ಞಾನ ಪ್ರಚಾರಕ’ ಎಂದರೆ ಮುಗಿಯಿತು.

ನಾನು ಜಾರಿ ಬಿದ್ದದ್ದು ‘ಇವಾಂಜೆಲಿಕಲ್’ ಮೇಲೆ. ಸುವಾರ್ತೆ ಸಾರುವ ಕೆಲಸ ‘ಇವಾಂಜೆಲಿಸಂ’. ಆ ಕೆಲಸಕ್ಕೆ ಸೇರಿದ್ದು ‘ಇವಾಂಜೆಲಿಸ್ಟಿಕ್’. ‘ಇವಾಂಜೆಲಿಕಲ್’ ಎಂಬುದು ಕೆಲಸದ ಹೆಸರಲ್ಲ, ಒಂದು ನಂಬಿಕೆಯ ಪಂಥದ ಹೆಸರು. ಅದಕ್ಕೂ ಕಾಲದೇಶಗಳಿಗೆ ತಕ್ಕಂತೆ ಎರಡು ಅರ್ಥ. ಜರ್ಮನ್ ನಾಡಿನಲ್ಲಿ ಮಾರ್ಟಿನ್ ಲೂಥರನ ಸುಧಾರಣೆಯನ್ನು ಒಪ್ಪಿದವರು ತಮ್ಮನ್ನು ‘ಇವಾಂಗೆಲಿಶ್’ ಎಂದು ಕರೆದುಕೊಂಡರು. ಅಲ್ಲಿ ಅದರ ಅರ್ಥ ಹೆಚ್ಚು ಕಡಿಮೆ ಪ್ರೊಟೆಸ್ಟಂಟ್. 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಹುಟ್ಟಿ 1834ರಲ್ಲಿ ಮಂಗಳೂರಿಗೆ ಬಂದ ಮಿಷನ್ ಈ ಹೆಸರನ್ನು ತನ್ನೊಡನೆ ತಂದಿತು. ಬೋರ್ಡಿನ ಇ ಅಕ್ಷರ ಅದೇ: ಬಾಸೆಲ್ ಇವಾಂಜೆಲಿಕಲ್ ಮಿಷನ್. 1843ರಲ್ಲಿ ‘ಮಂಗಳೂರು ಸಮಾಚಾರ’ ಹೊರತಂದ ಮೊಗ್ಲಿಂಗ್, 1894ರಲ್ಲಿ ಅಚ್ಚಾದ ಕನ್ನಡ-ಇಂಗ್ಲಿಷ್ ನಿಘಂಟಿನ ಕಿಟ್ಟೆಲ್, ಇಬ್ಬರೂ ಆ ಮಿಷನ್ನಿನವರು. ನಾನು ದಿನವೂ ಕೈಗೆತ್ತಿಕೊಳ್ಳುವ ನಿಘಂಟನ್ನು ಕೊಟ್ಟವರ ಹೆಸರಿನ ಪದಕ್ಕೇ ನಾನು ಅನ್ಯಾಯ ಮಾಡಿದ್ದೆ ಎಂಬುದು ಈಗಲೂ ನನ್ನನ್ನು ನೋಯಿಸುತ್ತದೆ.

ಇನ್ನೊಂದು ಅರ್ಥ ಇಂಗ್ಲಿಷ್ ನಾಡುಗಳದು. ಹದಿನೆಂಟನೆಯ ಶತಮಾನದಲ್ಲಿ ಜಾನ್ ವೆಸ್ಲಿ, ಜಾರ್ಜ್ ವೈಟ್‌ಫೀಲ್ಡ್ ಮುಂತಾದವರು ಬಯಲಿನಲ್ಲಿ ನಿಂತು ಸಾವಿರಾರು ಜನರಿಗೆ ಬೋಧಿಸಿದ ಕಾಲದಿಂದ ಬೆಳೆದು ಬಂದ ಪಂಥ ಇದು. ಇತಿಹಾಸಕಾರ ಡೇವಿಡ್ ಬೆಬ್ಬಿಂಗ್ಟನ್ 1989ರಲ್ಲಿ ಅದಕ್ಕೆ ನಾಲ್ಕು ಗುರುತು ಹೇಳಿದರು: ಬೈಬಲೇ ಪ್ರಮಾಣ, ಶಿಲುಬೆಯ ಮರಣವೇ ಕೇಂದ್ರ, ಪ್ರತಿಯೊಬ್ಬರ ಬದುಕೂ ಒಳಗಿನಿಂದ ತಿರುಗಬೇಕು, ನಂಬಿಕೆ ಕೆಲಸದಲ್ಲಿ ಕಾಣಬೇಕು. ಅಮೆರಿಕದ ಚುನಾವಣೆಯ ಸುದ್ದಿಯಲ್ಲಿ ಬರುವುದು ಈ ಅರ್ಥ. ಪೆಂಟೆಕೋಸ್ಟಲ್ ಸಭೆಗಳು ಇದರ ಹತ್ತಿರದ ನೆಂಟರು. ಆ ಹೆಸರು ಈಸ್ಟರಿನಿಂದ ಎಣಿಸಿದ ‘ಐವತ್ತನೆಯ ದಿನ’ ಎಂಬ ಗ್ರೀಕ್ ಪದದಿಂದ ಬಂದದ್ದು.

ಈ ಪಂಥದವರ ಬಾಯಲ್ಲಿ ಸದಾ ಇರುವ ‘ಬಾರ್ನ್ ಅಗೇನ್’ ಎಂಬುದನ್ನು ‘ಪುನರ್ಜನ್ಮ’ ಎಂದು ದಯವಿಟ್ಟು ಬರೆಯಬೇಡಿ. ಸತ್ತು ಮತ್ತೆ ಹುಟ್ಟುವ ಕರ್ಮದ ಚಕ್ರ ನಮ್ಮ ಓದುಗರ ಕಣ್ಣ ಮುಂದೆ ಬಂದು ನಿಲ್ಲುತ್ತದೆ. ಯೋಹಾನನ ಸುವಾರ್ತೆಯ ಮೂರನೆಯ ಅಧ್ಯಾಯದಲ್ಲಿ ರಾತ್ರಿ ಹೊತ್ತು ಯೇಸುವನ್ನು ಕಾಣಲು ಬಂದ ನಿಕೊದೇಮನೂ ಪದವನ್ನು ಹಾಗೇ ಅಕ್ಷರಶಃ ಹಿಡಿದು, ಮುದುಕನಾದವನು ತಾಯಿಯ ಗರ್ಭವನ್ನು ಮತ್ತೆ ಹೊಗಲಾದೀತೇ ಎಂದು ಕೇಳುತ್ತಾನೆ. ಗ್ರೀಕಿನ ‘ಆನೊಥೆನ್’ ಪದಕ್ಕೆ ‘ಮತ್ತೆ’ ಎಂದೂ ‘ಮೇಲಿನಿಂದ’ ಎಂದೂ ಎರಡು ಅರ್ಥವಿದೆ. ಆ ಸಂಭಾಷಣೆ ನಿಂತಿರುವುದೇ ಅದರ ಮೇಲೆ. ‘ಹೊಸದಾಗಿ ಹುಟ್ಟುವುದು’ ಎಂಬ ಕನ್ನಡ ಬೈಬಲಿನ ಮಾತು ಇದೇ ದೇಹದಲ್ಲಿ, ಇದೇ ಬದುಕಿನಲ್ಲಿ ಆಗುವುದನ್ನು ಹೇಳುತ್ತದೆ. ಅದನ್ನೇ ಉಳಿಸಿಕೊಳ್ಳಿ. ‘ರಿವೈವಲ್’ಗೆ ಸಭೆಗಳಲ್ಲಿ ಬಳಕೆಯಲ್ಲಿರುವ ‘ಉಜ್ಜೀವನ’, ‘ಟೆಸ್ಟಿಮೊನಿ’ಗೆ ‘ಸಾಕ್ಷಿ’, ‘ಸಾಲ್ವೇಶನ್’ಗೆ ‘ರಕ್ಷಣೆ’. ಇವಕ್ಕೆ ಹೊಸ ಪದ ಹುಡುಕುವ ಅಗತ್ಯವಿಲ್ಲ.

ದೂತನೇ ಇಲ್ಲದ ಏಂಜೆಲ್‌ಗಳೂ ಇವೆ. ಹೊಸ ಕಂಪನಿಗೆ ಆರಂಭದಲ್ಲೇ ಸ್ವಂತ ಹಣ ಹಾಕುವವರನ್ನು ಹೇಳುವ ‘ಏಂಜೆಲ್ ಇನ್ವೆಸ್ಟರ್’ ನ್ಯೂಯಾರ್ಕಿನ ನಾಟಕರಂಗದಿಂದ ಬಂದ ಮಾತು. ನಾಟಕಕ್ಕೆ ಹಣ ಹಾಕಿ ಕೈಹಿಡಿದವರನ್ನು ಅಲ್ಲಿ ಹಾಗೆ ಕರೆಯುತ್ತಿದ್ದರು. ಸ್ಟಾರ್ಟ್‌ಅಪ್‌ಗಳನ್ನು ಕಾಡಿದ ‘ಏಂಜೆಲ್ ತೆರಿಗೆ’ 2012ರಲ್ಲಿ ಬಂತು, 2024ರ ಬಜೆಟ್‌ನಲ್ಲಿ ರದ್ದಾಯಿತು. ಆ ಹೆಸರನ್ನು ಅನುವಾದಿಸದೆ ಹಾಗೆಯೇ ಉಳಿಸಿ. ವೆನೆಜುವೆಲಾದ 979 ಮೀಟರ್ ಎತ್ತರದ ಏಂಜೆಲ್ ಜಲಪಾತಕ್ಕೆ ‘ದೇವದೂತ ಜಲಪಾತ’ ಎಂಬ ಅನುವಾದವನ್ನು ನಾನು ತಿದ್ದಿದ್ದೇನೆ. ಅದು ಜಿಮ್ಮಿ ಏಂಜೆಲ್ ಎಂಬ ವಿಮಾನ ಚಾಲಕನ ಹೆಸರು.

ಪ್ರೊಟೆಸ್ಟಂಟರ ಸುದ್ದಿಯಾದರೆ ಸುವಾರ್ತೆ, ಕಥೋಲಿಕರದಾದರೆ ಶುಭಸಂದೇಶ, ಪಂಥದ ಹೆಸರಾದರೆ ‘ಇವಾಂಜೆಲಿಕಲ್’ ಎಂದೇ ಉಳಿಸಿ ಮೊದಲ ಬಾರಿ ಒಂದು ಸಾಲಿನ ವಿವರಣೆ: ಈಗ ನಾನು ಮಾಡುವುದು ಇಷ್ಟು. ‘ಸುವಾರ್ತಾವಾದಿ’ ಎಂಬ ಪದವನ್ನು ಪರೀಕ್ಷಿಸಲೆಂದು ಬರೆದು ಟೀಚರಮ್ಮನಿಗೆ ತೋರಿಸಿದ್ದೆ. ಅವರು ಕನ್ನಡಕ ಏರಿಸಿ ಎರಡು ಬಾರಿ ಓದಿ, ‘ವಾದಿ’ ಎಂಬಷ್ಟನ್ನು ಪೆನ್ಸಿಲಿನಿಂದ ಹೊಡೆದು ಹಾಕಿ ನೋಟ್‌ಪುಸ್ತಕ ಹಿಂದಿರುಗಿಸಿದರು.