ವಾಚು ಕಟ್ಟಿದ ಜಾಗದಲ್ಲಿ ತುರಿಕೆಯೇ? ಕಳ್ಳನನ್ನು ಹಿಡಿಯುವುದು ಹೀಗೆ

ನನ್ನ ನಾದಿನಿಯ ಎಡಗೈ ಮಣಿಕಟ್ಟಿನಲ್ಲಿ ಕೆಂಪು ಪಟ್ಟಿ ಎದ್ದಿತ್ತು. ಸ್ಮಾರ್ಟ್ ವಾಚ್ ಕೊಂಡು ಎರಡು ತಿಂಗಳಾಗಿತ್ತು. ಹತ್ತು ದಿನದಲ್ಲಿ ಆಕೆ ಮೂರು ಮುಲಾಮು ಬದಲಿಸಿದ್ದಳು. ಮೆಡಿಕಲ್ ಶಾಪಿನವನು ಹುಳುಕಡ್ಡಿ ಅಂದ. ಪಕ್ಕದ ಮನೆಯವರು ಪಿತ್ತದ ಗಂಧೆ ಅಂದರು. ಅತ್ತೆ ಬೇವಿನ ಸೊಪ್ಪು ಅರೆದು ಹಚ್ಚಿದರು. ವಾಚನ್ನು ಮಾತ್ರ ಯಾರೂ ಬಿಚ್ಚಿಸಿರಲಿಲ್ಲ. "ಹೆಜ್ಜೆ ಲೆಕ್ಕ ತಪ್ಪಿಹೋಗುತ್ತೆ ಅತ್ತಿಗೆ" ಎಂದು ರಾತ್ರಿಯೂ ಕಟ್ಟಿಕೊಂಡೇ ಮಲಗುತ್ತಿದ್ದಳು.

ನಾನು ಡಾಕ್ಟರ್ ಅಲ್ಲ, ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುವವಳು. ಆದರೆ ಇದೇ ಎಡವಟ್ಟನ್ನು ಸ್ಟಾಫ್ ರೂಮಿನಲ್ಲಿ, ಮದುವೆ ಮನೆಯಲ್ಲಿ, ಬಸ್ಸಿನಲ್ಲಿ ನೋಡಿ ನೋಡಿ ಸಾಕಾಗಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಇದೇನು ಅಪರೂಪದ ಸಂಗತಿಯಲ್ಲ. 2014ರಲ್ಲಿ ಫಿಟ್‌ಬಿಟ್ ಕಂಪನಿ ತನ್ನ 'ಫೋರ್ಸ್' ಎಂಬ ಕೈಪಟ್ಟಿಯನ್ನು ಮಾರುಕಟ್ಟೆಯಿಂದ ವಾಪಸ್ ಕರೆಸಿಕೊಂಡಿತು. ಅಮೆರಿಕ ಒಂದರಲ್ಲೇ ಸುಮಾರು 10 ಲಕ್ಷ ಪಟ್ಟಿಗಳು. ಚರ್ಮ ಕೆರಳಿತು ಎಂದು ಬಂದ ದೂರುಗಳು ಸುಮಾರು 9,900. ಅದೇ ವರ್ಷ ಅಮೆರಿಕದ ಸ್ಯಾನ್ ಡಿಯಾಗೊದ 11 ವರ್ಷದ ಹುಡುಗನೊಬ್ಬನ ಕಥೆಯನ್ನು ವೈದ್ಯರು ಪ್ರಕಟಿಸಿದರು. ಮೈತುಂಬ ಗುಳ್ಳೆ, ಯಾವ ಔಷಧಿಗೂ ಬಗ್ಗುತ್ತಿರಲಿಲ್ಲ. ಪರೀಕ್ಷೆಯಲ್ಲಿ ನಿಕಲ್ ಎಂಬ ಲೋಹದ ಅಲರ್ಜಿ ಎಂದು ಗೊತ್ತಾಯಿತು. ಆಮೇಲೆ ಮನೆಯ ಐಪ್ಯಾಡನ್ನು ಪರೀಕ್ಷಿಸಿದರೆ ಅದರಲ್ಲೂ ನಿಕಲ್ ಸಿಕ್ಕಿತು. ಐಪ್ಯಾಡಿಗೆ ಕವರ್ ಹಾಕಿದ ಮೇಲೆ ಹುಡುಗ ಸುಧಾರಿಸಿದ.

1. ಬಿಚ್ಚಿಡಿ

ಅನುಮಾನವಿರುವ ವಸ್ತುವನ್ನು ಬಿಚ್ಚಿ ಬೀರುವಿನಲ್ಲಿಡಿ. ಇನ್ನೊಂದು ಕೈಗೆ ಕಟ್ಟಿಕೊಳ್ಳುವುದು ಬಿಚ್ಚಿಟ್ಟ ಹಾಗಲ್ಲ.

2. ಗೆರೆ ಎಳೆದು ಫೋಟೊ ತೆಗೆಯಿರಿ

ಕೆಂಪಾದ ಜಾಗದ ಅಂಚಿಗೆ ಬಾಲ್‌ಪೆನ್ನಿನಿಂದ ಗೆರೆ ಎಳೆದು ಒಂದು ಫೋಟೊ. ಡಾಕ್ಟರ್ ಹತ್ತಿರ ಹೋಗುವ ಹೊತ್ತಿಗೆ ಅರ್ಧ ವಾಸಿಯಾಗಿರುತ್ತದೆ, ಆಗ ಈ ಫೋಟೊನೇ ಸಾಕ್ಷಿ. ಎದ್ದ ಜಾಗವೇ ಸುಳಿವು: ವಾಚಿನದಾದರೆ ಮಣಿಕಟ್ಟು, ಫೋನಿನದಾದರೆ ನೀವು ಫೋನ್ ಹಿಡಿಯುವ ಬದಿಯ ಕೆನ್ನೆ, ಲ್ಯಾಪ್‌ಟಾಪಿನದಾದರೆ ಅಂಗೈ ಬುಡ. ಮುಖದ ಎರಡೂ ಬದಿ, ಕಣ್ಣಿನ ರೆಪ್ಪೆ, ಕತ್ತು, ಮೊಣಕೈ ಮಡಿಕೆ ಎಲ್ಲ ಕಡೆ ಎದ್ದಿದ್ದರೆ ಫೋನನ್ನು ಬೈಯಬೇಡಿ. ನಮ್ಮೂರುಗಳಲ್ಲಿ ಅದು ಬಹಳ ಸಲ ಕಾಂಗ್ರೆಸ್ ಹುಲ್ಲಿನ ಕೆಲಸ.

3. ಬೆವರೋ, ಅಲರ್ಜಿಯೋ?

ವಾಚಿನ ಅಡಿಯಲ್ಲಿ ಏಳುವ ಎಲ್ಲ ತುರಿಕೆಯೂ ಅಲರ್ಜಿಯಲ್ಲ. ಬೆವರು, ಸೋಪಿನ ನೊರೆ, ಬಿಗಿ ಪಟ್ಟಿಯ ಉಜ್ಜಾಟ, ಇಷ್ಟು ಸೇರಿದರೆ ಯಾರ ಚರ್ಮವಾದರೂ ಕೆರಳುತ್ತದೆ. ಅದು ಉರಿಯುವುದು ಜಾಸ್ತಿ, ಪಟ್ಟಿ ಇದ್ದಷ್ಟೇ ಜಾಗದಲ್ಲಿ ಇರುತ್ತದೆ, ಬಿಚ್ಚಿಟ್ಟ ನಾಲ್ಕಾರು ದಿನದಲ್ಲಿ ತಣ್ಣಗಾಗುತ್ತದೆ. ಅಲರ್ಜಿಯಾದರೆ ತುರಿಕೆ ಜಾಸ್ತಿ. ಸಣ್ಣ ನೀರುಗುಳ್ಳೆಗಳು ಏಳುತ್ತವೆ, ಗೆರೆ ದಾಟಿ ಹರಡುತ್ತದೆ. ಕೈ ತೊಳೆದು, ಒರೆಸಿ, ಪಟ್ಟಿ ಸಡಿಲ ಮಾಡಿ ಕಟ್ಟಿದರೂ ಮತ್ತೆ ಬರುತ್ತದೆ.

ಇಲ್ಲಿ ಒಂದು ಪ್ರಶ್ನೆಯನ್ನು ನಾನು ತಪ್ಪದೆ ಕೇಳುತ್ತೇನೆ: "ಗಿಲೀಟು ಓಲೆ ಹಾಕಿದರೆ ಕಿವಿ ಸೋರುತ್ತಾ?" ಹೌದು ಅಂದರೆ ಮುಕ್ಕಾಲು ದಾರಿ ಮುಗಿದಂತೆ. ಹೆಚ್ಚಿನವರಿಗೆ ನಿಕಲ್ ಅಲರ್ಜಿ ಅಂಟಿಕೊಳ್ಳುವುದೇ ಕಿವಿ ಚುಚ್ಚಿಸಿ ಅಗ್ಗದ ಓಲೆ ಹಾಕಿದಾಗ. ಒಮ್ಮೆ ಬಂದರೆ ಸಾಮಾನ್ಯವಾಗಿ ಜೀವನಪೂರ್ತಿ ಇರುತ್ತದೆ. ಜೀನ್ಸ್ ಗುಂಡಿ ತಾಗುವ ಹೊಕ್ಕುಳ ಕೆಳಗೆ ಕಪ್ಪಗಾಗಿದೆಯಾ ಅಂತಲೂ ನೋಡಿ.

4. ಒಂದೊಂದಾಗಿ ವಾಪಸ್ ತನ್ನಿ

ಎಲ್ಲರೂ ಕೆಡಿಸಿಕೊಳ್ಳುವುದು ಇಲ್ಲೇ. ಸ್ವಲ್ಪ ನಿಧಾನವಾಗಿ ಓದಿ.

ಕರಿದ ಎಣ್ಣೆ ತಿಂದರೆ ಸಂಜೆಗೇ ಗಂಟಲು ಕೆರೆಯುತ್ತದಲ್ಲ, ಇದು ಹಾಗಲ್ಲ. ಇಂಥ ಅಲರ್ಜಿಯಲ್ಲಿ ಚರ್ಮ ಉತ್ತರ ಕೊಡುವುದು ಒಂದರಿಂದ ಮೂರು ದಿನ ಕಳೆದ ಮೇಲೆ. ಸೋಮವಾರ ಕಟ್ಟಿದ ಪಟ್ಟಿಗೆ ಬುಧವಾರ ಗುಳ್ಳೆ ಏಳುತ್ತದೆ. ಅಷ್ಟರಲ್ಲಿ ನೀವು ಮಂಗಳವಾರ ಪಟ್ಟಿ ಬದಲಿಸಿರುತ್ತೀರಿ, ಹೊಸ ಪಟ್ಟಿಯನ್ನು ಬೈಯುತ್ತೀರಿ. ಇನ್ನೊಂದು ಮಾತು, "ನಾಲ್ಕು ವರ್ಷದಿಂದ ಇದೇ ವಾಚು, ಈಗ ಹೇಗೆ?" ಎಂದು ಕೇಳಬೇಡಿ. ವರ್ಷಗಟ್ಟಲೆ ಬಳಸಿದ ವಸ್ತುವಿಗೂ ಇದ್ದಕ್ಕಿದ್ದಂತೆ ಅಲರ್ಜಿ ಶುರುವಾಗಬಹುದು.

ಮೊದಲು ಚರ್ಮ ಪೂರ್ತಿ ವಾಸಿಯಾಗಲಿ. ಎರಡು ಮೂರು ವಾರ ಹಿಡಿಯಬಹುದು. ಅರ್ಧ ವಾಸಿಯಾದ ಚರ್ಮದ ಮೇಲೆ ಏನು ಕಟ್ಟಿದರೂ ಕೆಂಪಾಗುತ್ತದೆ, ಆ ಪರೀಕ್ಷೆಗೆ ಬೆಲೆಯಿಲ್ಲ. ಆಮೇಲೆ ವಾಚನ್ನು ಭಾಗ ಮಾಡಿ: ಡಯಲ್ ಬೇರೆ, ಪಟ್ಟಿ ಬೇರೆ, ಬಕಲ್ ಬೇರೆ. ಮೊದಲ ನಾಲ್ಕು ದಿನ ಬಟ್ಟೆ ಪಟ್ಟಿಗೆ ಡಯಲ್ ಸಿಕ್ಕಿಸಿ ದಿನಕ್ಕೆ ಕೆಲವು ಗಂಟೆ ಕಟ್ಟಿ. ಏನೂ ಆಗಲಿಲ್ಲವೇ? ಮೂರು ದಿನ ಬರಿಗೈಯಲ್ಲಿರಿ. ಮುಂದಿನ ನಾಲ್ಕು ದಿನ ಹಳೇ ಪಟ್ಟಿ, ಆದರೆ ಬಕಲ್ ಚರ್ಮಕ್ಕೆ ತಾಗದಂತೆ ಅದರಡಿಗೆ ಹತ್ತಿ ಬಟ್ಟೆಯ ತುಂಡು. ಮತ್ತೆ ಮೂರು ದಿನ ಬಿಡುವು. ಕೊನೆಗೆ ಬಟ್ಟೆ ತೆಗೆದು ಬಕಲ್. ಕ್ಯಾಲೆಂಡರಿನಲ್ಲಿ ಬರೆದಿಡಿ, ಹಾಲಿನ ಲೆಕ್ಕ ಬರೆಯುವುದಿಲ್ಲವೇ, ಹಾಗೆ. ಇಷ್ಟೂ ದಿನ ಸೋಪು, ಕ್ರೀಮು, ಬಳೆ ಏನನ್ನೂ ಬದಲಿಸಬೇಡಿ. ಮೊದಲ ಸಲವೇ ದೊಡ್ಡ ಬೊಬ್ಬೆ ಎದ್ದು ನೀರು ಸೋರಿದ್ದರೆ ಈ ಪ್ರಯೋಗ ಬೇಡವೇ ಬೇಡ, ನೇರವಾಗಿ 6ನೇ ಹೆಜ್ಜೆಗೆ ಹೋಗಿ.

ಗುಳ್ಳೆಯ ಆಕಾರವೇ ಅರ್ಧ ಉತ್ತರ ಹೇಳುತ್ತದೆ. ದುಂಡಗೆ ಎದ್ದರೆ ಡಯಲಿನ ಬೆನ್ನು. ಮಣಿಕಟ್ಟಿನ ಒಳಮಗ್ಗುಲಲ್ಲಿ ಚಿಕ್ಕ ಚೌಕ ಎದ್ದರೆ ಬಕಲ್. ಸುತ್ತ ಪೂರ್ತಿ ಎದ್ದರೆ ಪಟ್ಟಿ. ರಬ್ಬರ್ ಪಟ್ಟಿಯಾದರೆ ರಬ್ಬರನ್ನು ಗಟ್ಟಿ ಮಾಡಲು ಸೇರಿಸುವ ಥೈಯುರಾಮ್‌ನಂಥ ರಾಸಾಯನಿಕ, ಚರ್ಮದ ಪಟ್ಟಿಯಾದರೆ ಹದ ಮಾಡುವಾಗ ಉಳಿದ ಕ್ರೋಮಿಯಂ, ಎರಡಕ್ಕೂ ಹೊಂದುವಂಥದ್ದು ಅಂಟು. ಸ್ಟಿಕರ್ ಬಿಂದಿ ಇಟ್ಟ ಜಾಗ ತುರಿಸಿ ಬೆಳ್ಳಗಾಗುವುದನ್ನು ನಾವೆಲ್ಲ ನೋಡಿದ್ದೇವೆ ಅಲ್ವಾ, ಅದೂ ಅಂಟಿನದೇ ಕಿತಾಪತಿ. ಸಕ್ಕರೆ ಕಾಯಿಲೆಯವರು ತೋಳಿಗೆ ಅಂಟಿಸಿಕೊಳ್ಳುವ ಸೆನ್ಸರ್‌ಗಳಲ್ಲೂ ಐಸೋಬಾರ್ನೈಲ್ ಅಕ್ರಿಲೇಟ್ ಎಂಬ ಅಂಟಿನ ವಸ್ತು ಎಷ್ಟು ಜನರನ್ನು ಕಾಡಿತೆಂದರೆ, ಇಂಥ ಚರ್ಮದ ಅಲರ್ಜಿಗಳ ಅಧ್ಯಯನಕ್ಕೆಂದೇ ಇರುವ ಅಮೆರಿಕನ್ ಕಾಂಟ್ಯಾಕ್ಟ್ ಡರ್ಮಟೈಟಿಸ್ ಸೊಸೈಟಿ 2020ರಲ್ಲಿ ಅದನ್ನು 'ವರ್ಷದ ಅಲರ್ಜಿಕಾರಕ' ಎಂದು ಹೆಸರಿಸಿತು.

5. ಲೋಹವನ್ನೇ ಕೇಳಿ

ಪಿಯುಸಿಯಲ್ಲಿ ಸೈನ್ಸ್ ಓದಿದವರಿಗೆ ಸಾಲ್ಟ್ ಅನಾಲಿಸಿಸ್ ನೆನಪಿರಬೇಕು. ನಿಕಲ್ ಇದ್ದರೆ ಅಮೋನಿಯಾ ಸೇರಿಸಿ ಡಿಎಂಜಿ ಹಾಕಿದ ಕೂಡಲೇ ಚೆಂದದ ಗುಲಾಬಿ ಕೆಂಪು. ಆ ಡಿಎಂಜಿ ಅಂದರೆ ಡೈಮೀಥೈಲ್ ಗ್ಲಯಾಕ್ಸಿಮ್. ವಾಚಿಗೂ ಅದೇ ಪರೀಕ್ಷೆ. ಎರಡು ಪುಟ್ಟ ಬಾಟಲಿಯ ಕಿಟ್ ಆನ್‌ಲೈನಿನಲ್ಲಿ ಸಿಗುತ್ತದೆ. ಗೊತ್ತಿರುವ ಕೆಮಿಸ್ಟ್ರಿ ಮೇಷ್ಟರಿದ್ದರೆ ಕಾಲೇಜಿನ ಲ್ಯಾಬಿನಲ್ಲೇ ಮಾಡಿಕೊಡುತ್ತಾರೆ, ನನಗೆ ಅದೇ ಇಷ್ಟ.

ಹತ್ತಿ ಸುತ್ತಿದ ಕಡ್ಡಿಗೆ ಎರಡರಿಂದಲೂ ಒಂದೆರಡು ಹನಿ ಹಾಕಿ, ಲೋಹದ ಮೇಲೆ 30 ಸೆಕೆಂಡು ಉಜ್ಜಿ. ಹತ್ತಿ ಗುಲಾಬಿಯಾದರೆ ನಿಕಲ್ ಹೊರಬರುತ್ತಿದೆ. ಅಷ್ಟೇ. ಆದರೆ ನನ್ನ ವಿದ್ಯಾರ್ಥಿಗಳಿಗೆ ಹೇಳುವುದನ್ನು ನಿಮಗೂ ಹೇಳುತ್ತೇನೆ: ಕಂಟ್ರೋಲ್, ಅಂದರೆ ಉತ್ತರ ಮೊದಲೇ ಗೊತ್ತಿರುವ ಹೋಲಿಕೆ, ಇಲ್ಲದ ಪರೀಕ್ಷೆಗೆ ನಾನು ಮಾರ್ಕ್ಸ್ ಕೊಡುವುದಿಲ್ಲ. ಮೊದಲು ಹಳೇ ದಪ್ಪನೆಯ 5 ರೂಪಾಯಿ ನಾಣ್ಯ ಹುಡುಕಿ. ಅದು ತಾಮ್ರ ಮತ್ತು ನಿಕಲ್ ಬೆರೆಸಿ ಮಾಡಿದ್ದು. ಅದರ ಮೇಲೆ ಉಜ್ಜಿದರೂ ಗುಲಾಬಿ ಬರದಿದ್ದರೆ ನಿಮ್ಮ ಬಾಟಲಿ ಹಳಸಿದೆ. ಇನ್ನೊಂದು ಕಡ್ಡಿಯನ್ನು ಯಾವುದಕ್ಕೂ ಉಜ್ಜದೆ ಪಕ್ಕಕ್ಕಿಡಿ, ಬಣ್ಣ ಹೋಲಿಸಲು ಬೇಕು. ತುಕ್ಕಿನ ಕಂದು ಬಣ್ಣವನ್ನು ಗುಲಾಬಿ ಅಂದುಕೊಳ್ಳಬೇಡಿ. ಚಾರ್ಜಿಂಗ್ ಪಿನ್ನಿನ ಸಂದಿಗೆ ದ್ರಾವಣ ಬಿಡಬೇಡಿ. ಮುಗಿದ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿ. ಕಿಟಕಿ ತೆರೆದಿರಲಿ, ಅಮೋನಿಯಾ ಮೂಗಿಗೆ ಹೊಡೆಯುತ್ತದೆ. ಬಣ್ಣ ಬರಲಿಲ್ಲ ಎಂದು ಕುಣಿಯಲೂ ಬೇಡಿ, ಮೇಲಿನ ಲೇಪ ಸವೆದ ಮೇಲೆ ಒಳಗಿನ ಲೋಹ ಮಾತಾಡಬಹುದು.

ಅಡ್ಡದಾರಿಯೊಂದಿದೆ, ಬಹಳ ಜನ ಹಿಡಿಯುತ್ತಾರೆ: "ಅಯಸ್ಕಾಂತ ಹಿಡಿಯಲ್ಲ, ಆದ್ದರಿಂದ ನಿಕಲ್ ಇಲ್ಲ." ಪೂರ್ತಿ ಉಲ್ಟಾ. ಪಾತ್ರೆ ಅಂಗಡಿಯಲ್ಲಿ ಅಯಸ್ಕಾಂತ ಹಿಡಿಯದ ಸ್ಟೀಲನ್ನು ಒಳ್ಳೆಯದು ಎನ್ನುತ್ತಾರಲ್ಲ, ಸಾಮಾನ್ಯವಾಗಿ ನಿಕಲ್ ಇರುವುದು ಅದರಲ್ಲೇ. ಹಿಡಿಯುವ ಸ್ಟೀಲಿನಲ್ಲೇ ಅದು ಇರುವುದಿಲ್ಲ, ಅಥವಾ ತೀರಾ ಕಡಿಮೆ.

ಹಾಗಂತ ಸ್ಟೀಲ್ ಕಂಡ ಕೂಡಲೇ ಗಾಬರಿ ಬೇಡ. ಒಳ್ಳೇ ವಾಚುಗಳಲ್ಲಿ ಬಳಸುವ 316ಎಲ್ ಎಂಬ ದರ್ಜೆಯ ಸ್ಟೀಲಿನಲ್ಲಿ 10ರಿಂದ 14 ಶೇಕಡಾ ನಿಕಲ್ ಇದ್ದರೂ ಅದು ಗಟ್ಟಿಯಾಗಿ ಬಂಧಿಯಾಗಿರುತ್ತದೆ, ಹೊರಬರುವುದು ತೀರಾ ಕಡಿಮೆ. ಎಷ್ಟಿದೆ ಅನ್ನುವುದಕ್ಕಿಂತ ಎಷ್ಟು ಹೊರಬರುತ್ತದೆ ಅನ್ನುವುದು ಮುಖ್ಯ. ಯುರೋಪಿನ ಕಾನೂನು ಅಳೆಯುವುದೂ ಅದನ್ನೇ: ಚರ್ಮಕ್ಕೆ ತಾಗಿಕೊಂಡೇ ಇರುವ ವಸ್ತುವಿನಿಂದ ವಾರಕ್ಕೆ ಒಂದು ಚದರ ಸೆಂಟಿಮೀಟರಿಗೆ 0.5 ಮೈಕ್ರೋಗ್ರಾಂ ಮೀರಬಾರದು. ಉಪ್ಪು ಬೆವರು ನಿಕಲನ್ನು ಕರಗಿಸಿ ಎಳೆಯುತ್ತದೆ. ಹಾಸನದ ಚಳಿಯಲ್ಲಿ ಸುಮ್ಮನಿದ್ದ ವಾಚು ಮಂಗಳೂರಿನ ಏಪ್ರಿಲ್‌ನಲ್ಲಿ ಕೆರಳುವುದು ಅದಕ್ಕೇ.

6. ಚರ್ಮದ ಡಾಕ್ಟರ್ ಹತ್ತಿರ ಪ್ಯಾಚ್ ಟೆಸ್ಟ್

ಬೆನ್ನಿಗೆ ಸಣ್ಣ ಸಣ್ಣ ಬಟ್ಟಲುಗಳಲ್ಲಿ ನಿಕಲ್, ಕೋಬಾಲ್ಟ್, ಕ್ರೋಮಿಯಂ, ರಬ್ಬರಿನ ರಾಸಾಯನಿಕ ಎಲ್ಲ ಅಂಟಿಸುತ್ತಾರೆ. 48 ಗಂಟೆ ಬಿಟ್ಟು ತೆಗೆದು ನೋಡುತ್ತಾರೆ, ಒಂದೆರಡು ದಿನ ಬಿಟ್ಟು ಮತ್ತೆ ನೋಡುತ್ತಾರೆ. ಎರಡನೇ ಸಲ ಹೋಗದೆ ತಪ್ಪಿಸಿಕೊಳ್ಳುವವರೇ ಜಾಸ್ತಿ. ನಿಧಾನವಾಗಿ ಏಳುವ ಗುಳ್ಳೆ ಆಗಲೇ ಕಾಣುವುದು, ತಪ್ಪಿಸಬೇಡಿ. ಬೆನ್ನು ಒದ್ದೆಯಾಗಬಾರದು, ಬೆವರಬಾರದು. ಹಾಗಾಗಿ ಯುಗಾದಿ, ದೀಪಾವಳಿಯ ಎಣ್ಣೆಸ್ನಾನದ ವಾರ ದಿನಾಂಕ ತೆಗೆದುಕೊಳ್ಳಬೇಡಿ. ಸ್ಟಿರಾಯ್ಡ್ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಿ. ನಿಮ್ಮ ವಾಚನ್ನೂ ಪಟ್ಟಿಯನ್ನೂ ಜೊತೆಗೆ ಒಯ್ಯಿರಿ.

ರಕ್ತ ಕೊಟ್ಟು 'ನೂರು ಬಗೆಯ ಅಲರ್ಜಿ' ತಿಳಿಯಿರಿ ಎಂಬ ಪ್ಯಾಕೇಜಿಗೆ ದುಡ್ಡು ಸುರಿಯಬೇಡಿ. ಅದು ಹುಡುಕುವುದು ಬೇರೆ ಜಾತಿಯ ಅಲರ್ಜಿಯನ್ನು, ನಿಕಲ್ ಅಲರ್ಜಿ ಅದರಲ್ಲಿ ಕಾಣುವುದೇ ಇಲ್ಲ.

ಮೆಡಿಕಲ್ ಶಾಪಿನ 'ತ್ರೀ ಇನ್ ಒನ್' ಕ್ರೀಮೂ ಬೇಡ. ಅದರಲ್ಲಿ ಜೋರಾದ ಸ್ಟಿರಾಯ್ಡ್ ಇರುತ್ತದೆ. ಎರಡು ದಿನ ಮ್ಯಾಜಿಕ್, ಆಮೇಲೆ ಚರ್ಮ ತೆಳ್ಳಗಾಗುತ್ತದೆ. ನಿಜವಾಗಿ ಹುಳುಕಡ್ಡಿ ಇದ್ದರಂತೂ ಒಳಗೊಳಗೇ ಹಬ್ಬಿ ಗುರುತೇ ಸಿಗುವುದಿಲ್ಲ. ಕೆಲವದರಲ್ಲಿರುವ ನಿಯೋಮೈಸಿನ್ ಎಂಬ ಆಂಟಿಬಯೋಟಿಕ್ ತಾನೇ ಅಲರ್ಜಿ ಮಾಡುತ್ತದೆ.

7. ಅಡ್ಡ ಗೋಡೆ ಕಟ್ಟಿ

ಫೋನಿಗೆ ಪೂರ್ತಿ ಮುಚ್ಚುವ ಕವರ್, ಲ್ಯಾಪ್‌ಟಾಪಿನ ಅಂಗೈ ಜಾಗಕ್ಕೆ ಬಟ್ಟೆ. ವಾಚಿಗೆ ನನ್ನ ಓಟು ಯಾವಾಗಲೂ ಹೆಣೆದ ನೈಲಾನ್ ಪಟ್ಟಿಗೆ: ಒಗೆಯಬಹುದು, ಒಣಗುತ್ತದೆ, ಬಕಲ್ ಬದಲು ಒತ್ತಿದರೆ ಕಚ್ಚಿಕೊಳ್ಳುವ ವೆಲ್ಕ್ರೋ ಇರುವುದೇ ಸಿಗುತ್ತದೆ. ಹೊಸದು ಕೊಳ್ಳುವವರು ಟೈಟಾನಿಯಂ ನೋಡಿ. ಡಬ್ಬಿಯ ಮೇಲಿನ 'ಹೈಪೋಅಲರ್ಜೆನಿಕ್' (ಅಲರ್ಜಿ ಕಡಿಮೆ ಮಾಡುವಂಥದ್ದು) ಎಂಬ ಪದಕ್ಕೆ ಹೆಚ್ಚು ಕಾಸು ಕೊಡಬೇಡಿ, ಇಷ್ಟೇ ಇರಬೇಕು ಎಂಬ ಅಳತೆ ಆ ಪದಕ್ಕಿಲ್ಲ. ಲೋಹಕ್ಕೆ ಬಣ್ಣವಿಲ್ಲದ ನೈಲ್ ಪಾಲಿಷ್ ಬಳಿಯುವ ಉಪಾಯವೂ ನನಗೆ ಹಿಡಿಸುವುದಿಲ್ಲ. ಕೆಲವೇ ದಿನಕ್ಕೆ ಸಿಪ್ಪೆ ಏಳುತ್ತದೆ, ಪಾಲಿಷಿನ ರಾಳಕ್ಕೇ ಅಲರ್ಜಿ ಇರುವವರೂ ಇದ್ದಾರೆ. ಒರೆಸುವುದಕ್ಕೆ ವಾಸನೆಯ ವೆಟ್ ವೈಪ್ಸ್ ಬೇಡ, ಅವುಗಳ ಪ್ರಿಸರ್ವೇಟಿವ್ ಇನ್ನೊಂದು ತಲೆನೋವು. ಬರೀ ನೀರು, ಒಣ ಬಟ್ಟೆ ಸಾಕು.

ನಾದಿನಿಯ ಕಥೆ ಏನಾಯಿತು ಅಂತೀರಾ? ಅವಳ ವಾಚಿನ ಡಯಲ್ ನಿರಪರಾಧಿ. ಕಂಪನಿಯ ಪಟ್ಟಿ ಹರಿದುಹೋಯಿತೆಂದು ಫುಟ್‌ಪಾತಿನಲ್ಲಿ ಒಂದು ಹೊಳೆಯುವ ಪಟ್ಟಿ ಕೊಂಡಿದ್ದಳು. ಅದರ ಬಕಲಿಗೆ ಕಡ್ಡಿ ಮುಟ್ಟಿಸಿ ಹತ್ತು ಸೆಕೆಂಡಿಗೇ ಗುಲಾಬಿ ಬಂತು. ಈಗ ಅವಳು ನೈಲಾನ್ ಪಟ್ಟಿ ಕಟ್ಟಿಕೊಂಡು ಹೆಜ್ಜೆ ಎಣಿಸುತ್ತಿದ್ದಾಳೆ. ಆ ಬಕಲ್ ನನ್ನ ಲ್ಯಾಬಿನ ಡ್ರಾಯರಿನಲ್ಲಿದೆ, 5 ರೂಪಾಯಿ ನಾಣ್ಯ ಕಳೆದುಹೋದಾಗ ಕಂಟ್ರೋಲ್‌ಗೆ ಅದನ್ನೇ ತೆಗೆಯುತ್ತೇನೆ.